ಸ್ಟಾಕ್‌ಫಿಶ್ 3600, ಕಾರ್ಲ್‌ಸನ್ 2840: ಈ ಅಂತರವನ್ನು ಹೇಗೆ ಓದಬೇಕು?

ಕಪ್ಪು_ಒಂಟೆ ಕೇಳಿದ್ದು:

ಚೆಸ್ ಎಂಜಿನ್‌ಗಳ, ಅಂದರೆ ಚೆಸ್ ಆಡುವ ಪ್ರೋಗ್ರಾಂಗಳ, ರೇಟಿಂಗ್ ಪಟ್ಟಿಯಲ್ಲಿ ಸ್ಟಾಕ್‌ಫಿಶ್ 3600 ದಾಟಿ ಕೂತಿದೆ. ಮನುಷ್ಯರಲ್ಲಿ ತುದಿಯಲ್ಲಿರುವ ಮ್ಯಾಗ್ನಸ್ ಕಾರ್ಲ್‌ಸನ್ 2840ರ ಆಸುಪಾಸು. 2014ರ ಮೇ ತಿಂಗಳಲ್ಲಿ ಮುಟ್ಟಿದ 2882 ಅವರ ಗರಿಷ್ಠ. ರೇಟಿಂಗ್ ವ್ಯತ್ಯಾಸದಿಂದ ಫಲ ಅಂದಾಜಿಸುವ ಈಲೋ ಸೂತ್ರಕ್ಕೆ 760ರ ವ್ಯತ್ಯಾಸ ಹಾಕಿದರೆ ನೂರು ಆಟಕ್ಕೆ ಕಾರ್ಲ್‌ಸನ್‌ಗೆ ಸುಮಾರು 1.2 ಪಾಯಿಂಟ್ ಬರುತ್ತದೆ. ಅಂದರೆ ಎರಡು ಮೂರು ಡ್ರಾ, ಮಿಕ್ಕಿದ್ದೆಲ್ಲ ಸೋಲು. ಈ ಲೆಕ್ಕವನ್ನು ನಂಬಬಹುದಾ?

ಇನ್ನೂ ಎರಡು ಗೊಂದಲ. 1997ರಲ್ಲಿ ಕಾಸ್ಪರೋವ್‌ರನ್ನು ಸೋಲಿಸಿದ ಐಬಿಎಂ ಯಂತ್ರ ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತಂತೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸ್ಟಾಕ್‌ಫಿಶ್ 60–70 ಲಕ್ಷಕ್ಕೆ ಏದುಸಿರು ಬಿಡುತ್ತದೆ. ಆದರೂ ಇದೇ ಬಲಶಾಲಿ ಅನ್ನುತ್ತಾರಲ್ಲ, ಹೇಗೆ? ಎರಡನೆಯದು, ನೇರಪ್ರಸಾರದಲ್ಲಿ ಎಂಜಿನ್ ಪ್ರಕಾರ ಯಾರು ಮೇಲು ಅಂತ ಹೇಳುವ ಪಕ್ಕದ ಬಿಳಿ-ಕಪ್ಪು ಪಟ್ಟಿ +1.5 ತೋರಿಸುತ್ತಿರುತ್ತದೆ, ಬೋರ್ಡ್ ಮುಂದೆ ಕೂತ ಗ್ರ್ಯಾಂಡ್‌ಮಾಸ್ಟರ್‌ಗೆ ಅದು ಕಂಡೇ ಇರುವುದಿಲ್ಲ. ಆ ಸಂಖ್ಯೆಗೆ ಮನುಷ್ಯರ ಆಟದಲ್ಲಿ ಏನರ್ಥ? 8 ಕೋರ್, 16 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲಿ ನನ್ನ ಆಟಗಳನ್ನು ತಿದ್ದಿಕೊಳ್ಳಲು ಯಾವ ಸೆಟ್ಟಿಂಗ್ ಇಡಬೇಕು ಅಂತಲೂ ತಿಳಿದವರು ಹೇಳಿ.

ಏಳನೇ_ಸಾಲಿನ_ಆನೆ:

ಲೆಕ್ಕ ಸರಿ, ಲೆಕ್ಕಕ್ಕೆ ಹಾಕಿದ ಸಂಖ್ಯೆಗಳೇ ಬೇರೆ ಬೇರೆ ಊರಿನವು. 2840 ಅನ್ನುವುದು ಫಿಡೆ ಅನ್ನುವ ಅಂತರರಾಷ್ಟ್ರೀಯ ಚೆಸ್ ಒಕ್ಕೂಟದ ಆಟಗಾರರು ತಮ್ಮತಮ್ಮಲ್ಲಿ ಆಡಿ ಬಂದ ಅಂಕ. 3600 ಅನ್ನುವುದು ಎಂಜಿನ್‌ಗಳು ತಮ್ಮತಮ್ಮಲ್ಲಿ ಸಾವಿರಾರು ಆಟ ಆಡಿ ಬಂದ ಅಂಕ. ಈಲೋ ಪದ್ಧತಿಯಲ್ಲಿ ಅರ್ಥವಿರುವುದು ವ್ಯತ್ಯಾಸಕ್ಕೆ ಮಾತ್ರ, ಅದೂ ಒಂದೇ ಗುಂಪಿನ ಒಳಗೆ. ಎರಡು ಗುಂಪುಗಳ ನಡುವೆ ಸಾಕಷ್ಟು ಆಟ ನಡೆದಿದ್ದರೆ ಸೇತುವೆ ಕಟ್ಟಬಹುದಿತ್ತು. ಮನುಷ್ಯ–ಎಂಜಿನ್ ನಡುವಿನ ಗಂಭೀರ ಪಂದ್ಯಗಳು 2006ಕ್ಕೇ ಹೆಚ್ಚುಕಡಿಮೆ ನಿಂತುಹೋದವು.

ಹಾಗಾದರೆ ನಿಜವಾದ ಅಂತರ 760ಕ್ಕಿಂತ ಕಡಿಮೆಯೋ ಹೆಚ್ಚೋ? ಎರಡೂ ಕಡೆ ಎಳೆಯುವ ಕಾರಣಗಳಿವೆ. ಎಂಜಿನ್ ಪಟ್ಟಿಯ ತುದಿಯಲ್ಲಿ ಅಂಕಗಳು ಒತ್ತಿಕೊಂಡಿವೆ, ಏಕೆಂದರೆ ಸಮತೋಲದ ಆರಂಭದಿಂದ ಆಡಿಸಿದರೆ ಬಲವಾದ ಎಂಜಿನ್‌ಗಳ ಆಟ ಬಹುತೇಕ ಡ್ರಾ. ಎಂಜಿನ್‌ಗಳ ಟಿಸಿಇಸಿ ಪಂದ್ಯಾವಳಿಯಲ್ಲಿ ಬೇಕೆಂದೇ ಒಂದು ಕಡೆಗೆ ವಾಲಿದ ಓಪನಿಂಗ್‌ಗಳನ್ನು (ಆರಂಭದ ನಡೆಗಳನ್ನು) ಕೊಟ್ಟು, ಬಣ್ಣ ಬದಲಿಸಿ ಎರಡು ಸಲ ಆಡಿಸುವುದು ಇದಕ್ಕೇ. ಇನ್ನೊಂದು ಕಡೆ, ಡ್ರಾ ಒಂದನ್ನೇ ಗುರಿಯಾಗಿಟ್ಟುಕೊಂಡ ಗ್ರ್ಯಾಂಡ್‌ಮಾಸ್ಟರ್ ಬಿಳಿಯಲ್ಲಿ ಆಡಿದರೆ ಸೂತ್ರ ಹೇಳುವುದಕ್ಕಿಂತ ಹೆಚ್ಚು ಡ್ರಾ ಸಿಗಬಹುದು. ಈಗಿನ ಸ್ಟಾಕ್‌ಫಿಶ್‌ನಲ್ಲಿ ಡ್ರಾ ತಪ್ಪಿಸಲು ನೋಡುವ ಕಂಟೆಂಪ್ಟ್ ಆಯ್ಕೆಯೇ ಇಲ್ಲ, ಎದುರಾಳಿ ದುರ್ಬಲ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಓಪನಿಂಗ್ ಬುಕ್ (ಮೊದಲೇ ಬರೆದಿಟ್ಟ ಆರಂಭದ ನಡೆಗಳು) ಕೊಡದೆ ಬಿಟ್ಟರೆ ಬರ್ಲಿನ್ ಡಿಫೆನ್ಸ್ ಅನ್ನುವ ಓಪನಿಂಗ್‌ನಲ್ಲಿ ರಾಣಿಗಳು ಡಿ4, ಇ4 ಮನೆಗಳ ಸುತ್ತ ಸುತ್ತಿ ಹದಿನೈದು ನಡೆಯೊಳಗೆ ಮುಗಿಯುವ ಪುನರಾವರ್ತನೆಗೂ ಅದು ತಲೆಯಾಡಿಸಬಹುದು. ಅದನ್ನು ಡ್ರಾ ಅಂತ ಲೆಕ್ಕಕ್ಕೆ ಹಿಡಿಯುತ್ತೀರಾ ಅನ್ನುವುದು ನಿಮಗೆ ಬಿಟ್ಟದ್ದು. ಆಟವನ್ನು ನಿಜಕ್ಕೂ ಆಡಿಸಿದರೆ ನೂರಕ್ಕೆ ಒಂದೆರಡು ಡ್ರಾ ಅನ್ನುವ ಅಂದಾಜು ತೀರಾ ತಪ್ಪಲ್ಲ. ಗೆಲುವಿನ ಮಾತನ್ನಂತೂ ಬಿಡಿ.

ಹಳೇ_ಪಟ್ಟು:

ಸೇತುವೆ ಕಟ್ಟಲು ಸಿಗುವ ಪಂದ್ಯಗಳನ್ನು ಸಾಲಾಗಿ ಇಟ್ಟು ನೋಡಿ, ಅಂತರ ಹೇಗೆ ಬೆಳೆಯಿತು ಅಂತ ಕಾಣುತ್ತದೆ. 1996ರಲ್ಲಿ ಫಿಲಡೆಲ್ಫಿಯಾದಲ್ಲಿ ಡೀಪ್ ಬ್ಲೂ ಎದುರು ಕಾಸ್ಪರೋವ್ ಮೊದಲ ಆಟ ಸೋತರೂ 4–2ರಿಂದ ಗೆದ್ದರು. 1997ರ ಮೇನಲ್ಲಿ ನ್ಯೂಯಾರ್ಕ್‌ನಲ್ಲಿ ಡೀಪ್ ಬ್ಲೂ 3.5–2.5. ಎಲ್ಲರೂ ಇದನ್ನೇ ಗಡಿಗಲ್ಲು ಅನ್ನುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಕೊನೆಯ ಆಟದಲ್ಲಿ ಕಾಸ್ಪರೋವ್ ಕ್ಯಾರೊ-ಕಾನ್ ಓಪನಿಂಗ್‌ನಲ್ಲಿ 7ನೇ ನಡೆಗೆ ಎಚ್6 ಆಡಿದರು. ಯಂತ್ರ ಕುದುರೆಯನ್ನು ಇ6ರಲ್ಲಿ ಬಲಿ ಕೊಟ್ಟಿತು, 19 ನಡೆಗೆ ಆಟ ಮುಗಿಯಿತು. ಆ ಬಲಿ ಅದರ ಓಪನಿಂಗ್ ಬುಕ್‌ನಲ್ಲೇ ಇತ್ತು, ಹುಡುಕಿ ಕಂಡದ್ದಲ್ಲ. ಪಂದ್ಯಕ್ಕೆ ಮೊದಲು ಡೀಪ್ ಬ್ಲೂ ಆಡಿದ ಆಟಗಳನ್ನು ಕಾಸ್ಪರೋವ್‌ಗೆ ಕೊಟ್ಟೂ ಇರಲಿಲ್ಲ. ಆರು ಆಟದಿಂದ ಬಲ ಅಳೆಯಲು ಹೊರಟರೆ ಹೀಗೆ ಒಂದು ಆಟವೇ ಇಡೀ ಚಿತ್ರವನ್ನು ವಾಲಿಸುತ್ತದೆ.

ಸಮಯದ ಮಿತಿ ಎಷ್ಟು ಮುಖ್ಯ ಅನ್ನುವುದಕ್ಕೆ 1998ರಲ್ಲಿ ಆನಂದ್ ಮತ್ತು ರೆಬೆಲ್ ಅನ್ನುವ ಎಂಜಿನ್ ನಡುವಿನ ಪಂದ್ಯ ಒಳ್ಳೆಯ ಉದಾಹರಣೆ, ಯಾಕೋ ಇದನ್ನು ಯಾರೂ ನೆನೆಯುವುದಿಲ್ಲ. ಎಂಟು ಆಟ. ಕೆಲವೇ ನಿಮಿಷದ ಬ್ಲಿಟ್ಜ್ ನಾಲ್ಕರಲ್ಲಿ ರೆಬೆಲ್ 3–1, ಹದಿನೈದು ನಿಮಿಷದ ಎರಡರಲ್ಲಿ ರೆಬೆಲ್ 1.5–0.5, ಪೂರ್ಣಾವಧಿಯ ಎರಡರಲ್ಲಿ ಆನಂದ್ 1.5–0.5. ಒಟ್ಟು ರೆಬೆಲ್ 5–3. ಅಂದರೆ ಮಾಮೂಲು ಪಿಸಿಯ ಎಂಜಿನ್‌ಗಳು ಬ್ಲಿಟ್ಜ್‌ನಲ್ಲಿ ಮೊದಲು ದಾಟಿದವು, ಕ್ಲಾಸಿಕಲ್‌ನಲ್ಲಿ (ಪೂರ್ಣಾವಧಿಯ ಆಟದಲ್ಲಿ) ಕೆಲವು ವರ್ಷ ತಡವಾಗಿ.

2002ರಲ್ಲಿ ಬಹ್ರೇನ್‌ನಲ್ಲಿ ಕ್ರಾಮ್ನಿಕ್–ಡೀಪ್ ಫ್ರಿಟ್ಜ್ 4–4, 2003ರಲ್ಲಿ ಕಾಸ್ಪರೋವ್–ಡೀಪ್ ಜೂನಿಯರ್ 3–3. ಅಲ್ಲಿಗೆ ಸಮಬಲದ ಕಾಲ ಮುಗಿಯಿತು. 2005ರಲ್ಲಿ ಲಂಡನ್‌ನಲ್ಲಿ ಹೈಡ್ರಾ ಎಂಜಿನ್ ಗ್ರ್ಯಾಂಡ್‌ಮಾಸ್ಟರ್ ಮೈಕೆಲ್ ಆಡಮ್ಸ್ ವಿರುದ್ಧ 5.5–0.5, ಆಡಮ್ಸ್‌ಗೆ ದಕ್ಕಿದ್ದು ಒಂದೇ ಡ್ರಾ. ನನ್ನ ಪ್ರಕಾರ ಗಡಿಗಲ್ಲು ಇದು. 2006ರಲ್ಲಿ ಬಾನ್‌ನಲ್ಲಿ ಕ್ರಾಮ್ನಿಕ್‌ಗೆ ಪ್ರೋಗ್ರಾಂ ಮೊದಲೇ ಕೊಟ್ಟಿದ್ದರು, ಆಟದ ನಡುವೆ ಫ್ರಿಟ್ಜ್‌ನ ಓಪನಿಂಗ್ ಬುಕ್ ನೋಡಲೂ ಅವಕಾಶವಿತ್ತು. ಆದರೂ 4–2 ಸೋಲು. ಎರಡನೇ ಆಟದಲ್ಲಿ ಅವರು 34ನೇ ನಡೆಗೆ ರಾಣಿಯನ್ನು ಇ3ಗೆ ಇಟ್ಟರು, ಎದುರಿಗೆ ರಾಣಿ ಎಚ್7 ಒಂದೇ ನಡೆಯ ಚೆಕ್‌ಮೇಟ್. ಆಗಿನ ವಿಶ್ವ ಚಾಂಪಿಯನ್ ಮಾಡಿದ ತಪ್ಪು ಅದು.

ಆಮೇಲೆ 2009ರಲ್ಲಿ ಬ್ಯೂನಸ್ ಐರಿಸ್‌ನ ಮೆರ್ಕೊಸುರ್ ಕಪ್‌ನಲ್ಲಿ ಪಾಕೆಟ್ ಫ್ರಿಟ್ಜ್ 4 ಒಂದು ಮೊಬೈಲ್ ಫೋನಿನ ಮೇಲೆ ಓಡುತ್ತಾ 10ಕ್ಕೆ 9.5 ಗಳಿಸಿತು. ಆ ಪಂದ್ಯಾವಳಿಯಷ್ಟಕ್ಕೇ ಲೆಕ್ಕ ಹಾಕಿದ ರೇಟಿಂಗ್ (ಪರ್ಫಾರ್ಮೆನ್ಸ್) 2898. ಅದು ಸೆಕೆಂಡಿಗೆ ನೋಡುತ್ತಿದ್ದದ್ದು 20,000ಕ್ಕಿಂತ ಕಡಿಮೆ ಸ್ಥಿತಿ. ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ನೋಡ್_ಎಣಿಕೆ:

ಉಳಿದರ್ಧ ನಾನು ಹೇಳುತ್ತೇನೆ. ಡೀಪ್ ಬ್ಲೂನಲ್ಲಿ 30 ನೋಡ್‌ಗಳ ಐಬಿಎಂ ಯಂತ್ರ, ಅದರೊಳಗೆ ಚೆಸ್‌ಗೆಂದೇ ಮಾಡಿದ 480 ಚಿಪ್. ವೇಗ ಅಲ್ಲಿಂದ ಬಂತು. ಆದರೆ ಒಂದು ಸ್ಥಿತಿಯಲ್ಲಿ ಸರಾಸರಿ 30–35 ನಡೆಗಳಿರುತ್ತವೆ, ಪ್ರತಿ ಹಂತಕ್ಕೂ ಅಷ್ಟರಿಂದ ಗುಣಿಸುತ್ತಾ ಹೋದರೆ ಯಾವ ವೇಗವೂ ಸಾಲದು. ಫಲ ಬದಲಿಸದ ಕೊಂಬೆಗಳನ್ನು ಬಿಟ್ಟುಬಿಡುವ ಆಲ್ಫಾ-ಬೀಟಾ ವಿಧಾನ ಚೆನ್ನಾಗಿ ಕೆಲಸ ಮಾಡಿದಾಗ ಆ ಗುಣಕ ಅದರ ವರ್ಗಮೂಲಕ್ಕೆ, ಅಂದರೆ ಆರರ ಹತ್ತಿರಕ್ಕೆ ಇಳಿಯುತ್ತದೆ. ಈಗಿನ ಎಂಜಿನ್‌ಗಳು ಅಲ್ಲಿಗೆ ನಿಲ್ಲುವುದಿಲ್ಲ. 'ನನ್ನ ಸರದಿ ಬಿಟ್ಟುಕೊಟ್ಟರೂ ನಾನೇ ಮೇಲಿದ್ದೇನೆ' ಅಂತ ಕಂಡ ಕೊಂಬೆಯನ್ನು ಕತ್ತರಿಸುತ್ತವೆ (ನಲ್ ಮೂವ್). ಪಟ್ಟಿಯಲ್ಲಿ ಹಿಂದಿರುವ ನಡೆಗಳನ್ನು ಕಡಿಮೆ ಆಳಕ್ಕೆ ಮಾತ್ರ ನೋಡಿ, ಏನಾದರೂ ಅನುಮಾನ ಬಂದರಷ್ಟೇ ಮರಳಿ ಪೂರ್ತಿ ನೋಡುತ್ತವೆ (ಲೇಟ್ ಮೂವ್ ರಿಡಕ್ಷನ್). ಗುಣಕ ಹೆಚ್ಚುಕಡಿಮೆ 2ಕ್ಕೆ ಬರುತ್ತದೆ. 6ರ 12ನೇ ಘಾತವೂ 2ರ 31ನೇ ಘಾತವೂ ಒಂದೇ ಗಾತ್ರದ ಸಂಖ್ಯೆಗಳು, ಅಲ್ಲಿಗೆ ಆಳದ ವ್ಯತ್ಯಾಸ ತಿಳಿಯಿತಲ್ಲ.

ಎರಡನೆಯದು ಸ್ಥಿತಿಯ ಬೆಲೆ ಕಟ್ಟುವ ರೀತಿ. 2018ರಲ್ಲಿ ಯು ನಾಸು ಜಪಾನಿನ ಶೋಗಿ ಆಟಕ್ಕೆಂದು ಎನ್‌ಎನ್‌ಯುಇ ಅನ್ನುವ ಪುಟ್ಟ ನ್ಯೂರಲ್ ನೆಟ್‌ವರ್ಕ್ ವಿಧಾನ ರೂಪಿಸಿದರು. ಗ್ರಾಫಿಕ್ಸ್ ಕಾರ್ಡ್ ಬೇಡ, ಮಾಮೂಲು ಪ್ರೊಸೆಸರ್ ಸಾಕು. ಒಂದು ಕಾಯಿ ಕದಲಿದರೆ ಬದಲಾದಷ್ಟನ್ನೇ ಮರುಲೆಕ್ಕ ಹಾಕುತ್ತದೆ, ಅದಕ್ಕೇ ವೇಗ. 2020ರ ಸೆಪ್ಟೆಂಬರ್‌ನ ಸ್ಟಾಕ್‌ಫಿಶ್ 12ರಲ್ಲಿ ಇದು ಸೇರಿತು. ಅದಕ್ಕೂ ಮೊದಲೇ, 2017ರ ಡಿಸೆಂಬರ್‌ನಲ್ಲಿ, ಡೀಪ್‌ಮೈಂಡ್ ಕಂಪನಿಯ ಆಲ್ಫಾಝೀರೋ ಸೆಕೆಂಡಿಗೆ ಕೇವಲ 80,000 ಸ್ಥಿತಿ ನೋಡಿ ಸ್ಟಾಕ್‌ಫಿಶ್ 8ರ ಮೇಲೆ 28 ಗೆಲುವು, 72 ಡ್ರಾ, ಸೊನ್ನೆ ಸೋಲು ದಾಖಲಿಸಿತ್ತು. ಆ ಪಂದ್ಯದಲ್ಲಿ ಸ್ಟಾಕ್‌ಫಿಶ್‌ಗೆ 1 ಜಿಬಿ ಹ್ಯಾಶ್ (ನೋಡಿದ ಸ್ಥಿತಿಗಳನ್ನು ನೆನಪಿಡುವ ಜಾಗ) ಮಾತ್ರ, ಪ್ರತಿ ನಡೆಗೆ ಕಟ್ಟುನಿಟ್ಟಾಗಿ ಒಂದು ನಿಮಿಷ ಅಂತ ಟೀಕೆ ಬಂದದ್ದು ನ್ಯಾಯವೇ. ಸಾವಿರ ಆಟದ ನಂತರದ ಪಂದ್ಯದಲ್ಲೂ 155 ಗೆಲುವು, 6 ಸೋಲು ಬಂದಾಗ ಟೀಕೆ ತಣ್ಣಗಾಯಿತು.

ಈಗ ನಿಮ್ಮ ಯಂತ್ರದ ವಿಷಯ. ಡೌನ್‌ಲೋಡ್ ಮಾಡಿದ ಸ್ಟಾಕ್‌ಫಿಶ್ ಹುಟ್ಟಿನಿಂದ ಒಂದೇ ಥ್ರೆಡ್, 16 ಎಂಬಿ ಹ್ಯಾಶ್ ಇಟ್ಟುಕೊಂಡು ಬರುತ್ತದೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. 8 ಕೋರ್ ಇದ್ದರೆ ಥ್ರೆಡ್ಸ್ 7 ಇಡಿ, ಒಂದನ್ನು ಪರದೆಗೆ, ಬ್ರೌಸರ್‌ಗೆ ಬಿಡಿ. ಹ್ಯಾಶ್ 4096 ಎಂಬಿ. ರ್‍ಯಾಮ್‌ನ ಅರ್ಧಕ್ಕಿಂತ ಹೆಚ್ಚು ಕೊಟ್ಟರೆ ವಿಂಡೋಸ್ ಡಿಸ್ಕಿಗೆ ಬರೆಯಲು ಶುರು ಮಾಡಿ ವೇಗ ಕುಸಿಯುತ್ತದೆ. ಹ್ಯಾಶ್ ಎಷ್ಟು ತುಂಬಿದೆ ಅಂತ ಎಂಜಿನ್ ಸಾವಿರದ ಲೆಕ್ಕದಲ್ಲಿ ಹೇಳುತ್ತಿರುತ್ತದೆ. ಅರ್ಧ ನಿಮಿಷಕ್ಕೇ 1000 ಮುಟ್ಟಿದರೆ ಸಾಲದು ಅಂತ ಅರ್ಥ. ಪ್ರೊಸೆಸರ್‌ಗೆ ಹೊಂದುವ ಬಿಲ್ಡ್ (ಎಂಜಿನ್‌ನ ಕಡತ) ಆರಿಸಿ: ಹತ್ತು ವರ್ಷದ ಈಚಿನ ಬಹುತೇಕ ಲ್ಯಾಪ್‌ಟಾಪ್‌ಗೆ ಎವಿಎಕ್ಸ್2 ಅನ್ನುವ ಬಿಲ್ಡ್ ಸರಿ. ಪ್ರೊಸೆಸರ್‌ಗೆ ಬಾರದ ಬಿಲ್ಡ್ ಹಾಕಿದರೆ ಎಂಜಿನ್ ತೆರೆದ ತಕ್ಷಣ ಸಾಯುತ್ತದೆ, ತೀರಾ ಹಳೆಯದು ಹಾಕಿದರೆ ಓಡುತ್ತದೆ ಆದರೆ ಕುಂಟುತ್ತದೆ. ಎಂಜಿನ್ ಕಿಟಕಿಯಲ್ಲಿ 'ಬೆಂಚ್' ಆಜ್ಞೆ ಕೊಟ್ಟರೆ ವೇಗ ತೋರಿಸುತ್ತದೆ, ಎರಡು ಬಿಲ್ಡ್ ಹೋಲಿಸಿ ನೋಡಿ. ಲ್ಯಾಪ್‌ಟಾಪ್ ಬಿಸಿಯಾದರೆ ಐದು ನಿಮಿಷದಲ್ಲಿ ವೇಗ ತಾನಾಗಿ ಇಳಿಯುತ್ತದೆ. ಆಗ ಥ್ರೆಡ್ 7ರಿಂದ 5ಕ್ಕೆ ಇಳಿಸಿದರೆ ನಷ್ಟವಿಲ್ಲ, ಫ್ಯಾನೂ ಸುಮ್ಮನಾಗುತ್ತದೆ.

ಮಲ್ಟಿಪಿವಿ 3 ಇಟ್ಟು ಮೊದಲ ಮೂರು ನಡೆಗಳನ್ನು ನೋಡಿ, ಆಮೇಲೆ 1ಕ್ಕೆ ಇಳಿಸಿ ಖಚಿತ ಮಾಡಿಕೊಳ್ಳಿ. ಮೂರರಲ್ಲೇ ಬಿಟ್ಟರೆ ಅದೇ ಆಳಕ್ಕೆ ಹೋಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆಟವನ್ನು ಕೊನೆಯಿಂದ ಹಿಂದಕ್ಕೆ ವಿಶ್ಲೇಷಿಸಿ. ಮುಂದಿನ ಸ್ಥಿತಿಗಳ ಫಲ ಹ್ಯಾಶ್‌ನಲ್ಲಿ ಕೂತಿರುವುದರಿಂದ ಹಿಂದಿನ ನಡೆಗೆ ಬಂದಾಗ ತಪ್ಪು ಬೇಗ ಹೊರಬೀಳುತ್ತದೆ. ಕೆಲವೇ ಕಾಯಿ ಉಳಿದ ಸ್ಥಿತಿಗಳ ಖಚಿತ ಫಲ ಬರೆದಿಟ್ಟ ಸಿಜಿಜಿ ಟೇಬಲ್‌ಬೇಸ್ 5 ಕಾಯಿವರೆಗಿನದು 1 ಜಿಬಿಗೂ ಕಡಿಮೆ, ಕಣ್ಣುಮುಚ್ಚಿ ಹಾಕಿಕೊಳ್ಳಿ. 6 ಕಾಯಿಯದು ಸುಮಾರು 150 ಜಿಬಿ. ಎಸ್‌ಎಸ್‌ಡಿಯಲ್ಲಿ ಜಾಗವಿದ್ದರೆ ಮಾತ್ರ. ಹಳೇ ಹಾರ್ಡ್‌ಡಿಸ್ಕ್‌ನಲ್ಲಿಟ್ಟರೆ ಪ್ರತಿ ಹುಡುಕಾಟಕ್ಕೂ ಡಿಸ್ಕ್ ತಿರುಗಿ ಎಂಜಿನ್ ನಿಧಾನವಾಗುತ್ತದೆ. 7 ಕಾಯಿಯದು 17 ಟಿಬಿ ಆಸುಪಾಸು, ಅದನ್ನು ಲಿಚೆಸ್ ಅನ್ನುವ ಚೆಸ್ ಜಾಲತಾಣದಲ್ಲಿ ಬಿಟ್ಟಿಯಾಗಿ ನೋಡುವುದು ವಾಸಿ.

ಕಪ್ಪು_ಒಂಟೆ:

ಹ್ಯಾಶ್ 16 ಎಂಬಿಯಲ್ಲೇ ಇತ್ತು, ಸರಿಪಡಿಸಿದೆ. ಆ +1.5ರ ಅರ್ಥ ಇನ್ನೂ ಉಳಿಯಿತು. ಕಾಲಾಳು ಒಂದೂವರೆ ಹೆಚ್ಚಿದ್ದಂತೆ ಅಂತ ಓದಬೇಕಾ?

ಸಮ_ಸ್ಥಿತಿ:

ಹಾಗೆ ಓದುವ ಕಾಲ ಹೋಯಿತು. 2022ರ ಡಿಸೆಂಬರ್‌ನಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ ಈ ಸಂಖ್ಯೆಯನ್ನು ಗೆಲುವಿನ ಸಾಧ್ಯತೆಗೆ ಕಟ್ಟಿದ್ದಾರೆ. +1.00 ಅಂದರೆ ಎರಡೂ ಕಡೆ ಸ್ಟಾಕ್‌ಫಿಶ್ ಆಡಿದರೆ ಮೇಲಿರುವ ಕಡೆ ಗೆಲ್ಲುವ ಸಾಧ್ಯತೆ ಶೇ 50. ಇದು ಎಂಜಿನ್‌ಗೆ ಎದುರು ಎಂಜಿನ್ ಲೆಕ್ಕ ಅನ್ನುವುದನ್ನು ಪ್ರಸಾರದಲ್ಲಿ ಯಾರೂ ಹೇಳುವುದಿಲ್ಲ. ಲಿಚೆಸ್‌ನವರು 2300ರ ಮೇಲಿನ ಮನುಷ್ಯರ ಆಟಗಳಿಂದ ಬೇರೆ ಸೂತ್ರ ಮಾಡಿದ್ದಾರೆ. ಅದರಲ್ಲಿ +1.00ಗೆ ಡ್ರಾದ ಅರ್ಧ ಪಾಲೂ ಸೇರಿ ಬರುವ ಫಲ ಶೇ 59ರಷ್ಟು. +1.5ಗೆ ಶೇ 63–64. ಎಂಜಿನ್‌ಗಳ ನಡುವೆ ಹೆಚ್ಚುಕಡಿಮೆ ಮುಗಿದ ಆಟ, ಮನುಷ್ಯರ ನಡುವೆ ಆಟ ಇನ್ನೂ ಬಾಕಿ.

0.00 ಅಂತೂ ಇನ್ನೂ ಮೋಸದ ಸಂಖ್ಯೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್–ಡಿಂಗ್ ಲಿರೆನ್ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ. ಆನೆ, ಒಂಟೆ, ಕೆಲವೇ ಕಾಲಾಳು. ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು. ಪಟ್ಟಿಯ ಪ್ರಕಾರ ಡ್ರಾ. ಆದರೆ ಡಿಂಗ್‌ರ ಒಂಟೆ ಎ8ರ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. 55ನೇ ನಡೆಗೆ ಅವರು ಆನೆಯನ್ನು ಎಫ್2ಗೆ ತಂದರು. ಆನೆ ಬದಲಾಯಿತು, ಕೂಡಲೇ ಗುಕೇಶ್ ಒಂಟೆ ಡಿ5, ಒಂಟೆಗಳೂ ಬದಲಾಗಲೇಬೇಕು, ಉಳಿಯುವ ಕಾಲಾಳಿನ ಅಂತ್ಯ ಸೋಲು. ಎಂಜಿನ್‌ಗೆ ಸೊನ್ನೆ ಅಂದರೆ ಸೊನ್ನೆ, ಅಷ್ಟೆ. ಒಂದು ಕಡೆಯವನು ಸುಮ್ಮನೆ ಕಾಯಿ ಕದಲಿಸುತ್ತಾ ಇದ್ದರೆ ಸಾಕು, ಇನ್ನೊಬ್ಬನು ಪ್ರತಿ ನಡೆಯಲ್ಲೂ ಒಂದೇ ಸರಿಯಾದದ್ದನ್ನು ಹುಡುಕಬೇಕು ಅನ್ನುವುದು ಆ ಸಂಖ್ಯೆಯಲ್ಲಿ ಇಲ್ಲ. ನೀವೇ ಅಳೆಯಬಹುದು: ಮಲ್ಟಿಪಿವಿ 4 ಇಡಿ. ಮೊದಲ ನಡೆ 0.00, ಎರಡನೆಯದು −3 ಇದ್ದರೆ ಅದು ಒಂಟಿ ಕಾಲ್ದಾರಿ. ನಾಲ್ಕೂ 0.00 ಇದ್ದರೆ ನಿಜಕ್ಕೂ ಆರಾಮ.

ಇದಕ್ಕೆ ತಿರುಗಾಮುರುಗಾ ಉದಾಹರಣೆಯೂ ಇದೆ. 2018ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್‌ನ 6ನೇ ಆಟದಲ್ಲಿ ಕಾರ್ಲ್‌ಸನ್ ಎದುರು ಆಡುತ್ತಿದ್ದ ಕರುವಾನಾಗೆ 68ನೇ ನಡೆಗೆ ಒಂಟೆ ಎಚ್4 ಆಡಿದರೆ ಗೆಲುವಿತ್ತು ಅಂತ ಎಂಜಿನ್‌ಗಳು ಕೂಗಿದವು. ಗೆಲುವಿನ ದಾರಿಯಲ್ಲಿ ತಮ್ಮದೇ ಕುದುರೆಯನ್ನು ಜಿ1ರ ಮೂಲೆಗೆ ತುರುಕಬೇಕು, ಅಲ್ಲಿಂದ ಅದು ಹೊರಬರುವ ದಾರಿಯೇ ಕಾಣುವುದಿಲ್ಲ. ಯಾವ ಮನುಷ್ಯನೂ ಆ ಕಡೆ ನೋಡುವುದಿಲ್ಲ. 'ಕರುವಾನಾ ಗೆಲುವು ಕೈಬಿಟ್ಟರು' ಅನ್ನುವ ಶೀರ್ಷಿಕೆಗಳು ಆವತ್ತು ಅನ್ಯಾಯ.

ಹಳೇ_ಪಟ್ಟು:

ಒಪ್ಪಿದೆ. ಆದರೆ ಎಂಜಿನ್ ಎಲ್ಲ ಕಡೆ ಸರಿ ಅಂತ ಆಗಬಾರದು. ಕೋಟೆ ಕಟ್ಟಿದ, ಅಂದರೆ ಕಾಯಿ ಹೆಚ್ಚಿದ್ದರೂ ಒಳನುಗ್ಗಲಾಗದ, ಸ್ಥಿತಿಗಳಲ್ಲಿ ಈಗಲೂ ಎಡವುತ್ತದೆ. 2008ರಲ್ಲಿ ಗ್ರ್ಯಾಂಡ್‌ಮಾಸ್ಟರ್ ನಕಾಮುರಾ ಮೂರು ನಿಮಿಷದ ಆಟದಲ್ಲಿ ರಿಬ್ಕಾ ಎಂಜಿನ್ ಎದುರು ಕಾಲಾಳುಗಳನ್ನು ಬೀಗ ಹಾಕಿದಂತೆ ಮುಚ್ಚಿ ಕೂತರು. 50 ನಡೆಯ ನಿಯಮದ (ಅಷ್ಟು ನಡೆ ಕಾಯಿ ಹೊಡೆಯದೆ, ಕಾಲಾಳು ಕದಲದೆ ಹೋದರೆ ಬರುವ) ಡ್ರಾ ತಪ್ಪಿಸಲು ರಿಬ್ಕಾ ತಾನೇ ಕಾಯಿ ಬಿಟ್ಟುಕೊಟ್ಟು, 271 ನಡೆಗೆ ಸೋತಿತು. ನಕಾಮುರಾ ಕೊನೆಗೆ ಕಾಲಾಳುಗಳನ್ನು ಒಂಟೆಗಳಾಗಿ ಬಡ್ತಿ ಮಾಡುತ್ತಾ ಕೂತಿದ್ದರು.

ನೋಡ್_ಎಣಿಕೆ:

ಆ ಉಪಾಯ ಈಗಿನ ಸ್ಟಾಕ್‌ಫಿಶ್ ಹತ್ತಿರ ನಡೆಯುವುದಿಲ್ಲ, ಡ್ರಾ ಬಂದರೆ ತೆಗೆದುಕೊಂಡು ಸುಮ್ಮನಾಗುತ್ತದೆ. ಕೋಟೆಯ ಮಾತು ಮಾತ್ರ ನಿಜ. ಪರೀಕ್ಷಿಸುವುದು ಸುಲಭ: +2 ತೋರಿಸುತ್ತಿರುವ ಸ್ಥಿತಿಯಿಂದ ಎರಡೂ ಕಡೆ ಎಂಜಿನ್‌ಗೇ ಬಿಟ್ಟು 15–20 ನಡೆ ಆಡಿಸಿ. ಸಂಖ್ಯೆ ಏರದೆ, 50 ನಡೆಯ ಎಣಿಕೆ ಬೆಳೆದಂತೆ ಮೆಲ್ಲಗೆ ಸೊನ್ನೆಯ ಕಡೆ ಜಾರಿದರೆ ಅದು ಕೋಟೆ. ಬೇರೆ ಬಣ್ಣದ ಒಂಟೆಗಳಿರುವ ಅಂತ್ಯಗಳಲ್ಲಿ ಈ ಪರೀಕ್ಷೆ ಮಾಡದೆ ಸಂಖ್ಯೆ ನಂಬಬೇಡಿ.

ಕಪ್ಪು_ಒಂಟೆ:

ಹಾಗಾದರೆ ಕಾಯಿ ರಿಯಾಯಿತಿ ಕೊಟ್ಟು ಆಡಿಸಿದರೆ ಅಂತರ ಅಳೆಯಬಹುದಲ್ಲ? ನನ್ನಂಥ 1600ರವನು ಅಭ್ಯಾಸಕ್ಕೆ ಎಂಜಿನ್‌ನ ಬಲ ಇಳಿಸಿ ಆಡಿದರೆ ಉಪಯೋಗ ಉಂಟಾ?

ಏಳನೇ_ಸಾಲಿನ_ಆನೆ:

ಅಳೆಯಲು ಅದೇ ಸರಿಯಾದ ಕೋಲು. 2016ರ ಜನವರಿಯಲ್ಲಿ ಕೊಮೊಡೊ ಎಂಜಿನ್ ನಕಾಮುರಾಗೆ ಬೇರೆ ಬೇರೆ ರಿಯಾಯಿತಿ ಕೊಟ್ಟು ನಾಲ್ಕು ಆಟ ಆಡಿತು. ಮೊದಲ ಮೂರು ಡ್ರಾ, ನಕಾಮುರಾಗೆ ನಾಲ್ಕು ನಡೆ ಮುಂಚಿತವಾಗಿ ಬಿಟ್ಟುಕೊಟ್ಟ ಕೊನೆಯದರಲ್ಲಿ ಕೊಮೊಡೊ ಗೆಲುವು, 2.5–1.5. ಅಂದರೆ ಹತ್ತು ವರ್ಷದ ಹಿಂದೆಯೇ ಒಂದು ಕಾಲಾಳಿನ ರಿಯಾಯಿತಿ ಜಗತ್ತಿನ ತುದಿಯ ಆಟಗಾರನನ್ನು ಬರೀ ಸಮಕ್ಕೆ ತರುತ್ತಿತ್ತು. ಈಗ ಲೀಲಾ ಅನ್ನುವ ನ್ಯೂರಲ್ ನೆಟ್‌ವರ್ಕ್ ಎಂಜಿನ್‌ನಲ್ಲಿ ಕುದುರೆ ಬಿಟ್ಟುಕೊಟ್ಟು ಆಡಲೆಂದೇ ತರಬೇತಿ ಕೊಟ್ಟ ನೆಟ್‌ವರ್ಕ್ ಇದೆ, ಲಿಚೆಸ್‌ನಲ್ಲಿ ಬ್ಲಿಟ್ಜ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳನ್ನೇ ಸೋಲಿಸುತ್ತದೆ. ಕ್ಲಾಸಿಕಲ್‌ನಲ್ಲಿ ಕುದುರೆ ಇನ್ನೂ ಕುದುರೆಯೇ, ಅಲ್ಲಿ ನಾನು ಮನುಷ್ಯನ ಕಡೆ. ಮಾಮೂಲು ಸ್ಟಾಕ್‌ಫಿಶ್‌ನಿಂದ ಈ ಕೆಲಸ ಮಾಡಿಸಬೇಡಿ. ಎದುರಾಳಿ ತಪ್ಪೇ ಮಾಡುವುದಿಲ್ಲ ಅಂತ ಅದು ನಂಬಿರುವುದರಿಂದ ಕಾಯಿ ಬದಲಾಯಿಸುತ್ತಾ ನೆಟ್ಟಗೆ ಸೋಲಿನ ಅಂತ್ಯಕ್ಕೆ ನಡೆಯುತ್ತದೆ. ಲೀಲಾದ ನೆಟ್‌ವರ್ಕ್ ಕಾಯಿಗಳನ್ನು ಬೋರ್ಡ್ ಮೇಲೇ ಉಳಿಸಿ ಗೋಜಲು ಮಾಡುತ್ತದೆ.

ಸಮ_ಸ್ಥಿತಿ:

ಅಭ್ಯಾಸಕ್ಕೆ ಸ್ಟಾಕ್‌ಫಿಶ್‌ನ ಬಲ ಇಳಿಸುವುದು ಅಷ್ಟು ಒಳ್ಳೆಯದಲ್ಲ. ಈಲೋ ಮಿತಿ 1320ರಿಂದ 3190ರವರೆಗೆ ಇಡಬಹುದು ನಿಜ. ಅದು ಕೆಲಸ ಮಾಡುವುದು ಹೀಗೆ: ಒಳಗೆ ಕೆಲವು ಒಳ್ಳೆಯ ನಡೆಗಳನ್ನು ಹುಡುಕಿಕೊಂಡು, ಅವುಗಳಲ್ಲಿ ಕೆಳಗಿನದನ್ನು ಆಗಾಗ ಚೀಟಿ ಎತ್ತಿದಂತೆ ಆರಿಸುತ್ತದೆ. ಹತ್ತು ನಡೆ ಚಾಂಪಿಯನ್‌ನಂತೆ ಆಡಿ, ಹನ್ನೊಂದನೆಯದಕ್ಕೆ ಕಾರಣವಿಲ್ಲದೆ ಕಾಯಿ ಬಿಡುತ್ತದೆ. 1600ರ ಮನುಷ್ಯ ಬಿಡುವುದು ಹಾಗಲ್ಲ. ದೂರದ ಒಂಟೆ ಕಾಣದೆ, ಕುದುರೆಯ ಹಿಂದಿನ ನೆಗೆತ ಮರೆತು, ಕಟ್ಟಿಬಿದ್ದ ಕಾಯಿಯನ್ನು ಕಾವಲು ಅಂತ ಲೆಕ್ಕ ಹಾಕಿ ಬಿಡುತ್ತಾನೆ.

ಮಾಯಾ ಹಾಕಿಕೊಳ್ಳಿ. 2020ರಲ್ಲಿ ಬಂದದ್ದು, ಲಿಚೆಸ್‌ನಲ್ಲಿ ಮನುಷ್ಯರು ಆಡಿದ ಆಟಗಳಿಂದಲೇ ಕಲಿತದ್ದು. 1100ರಿಂದ 1900ರವರೆಗೆ ನೂರು ನೂರಕ್ಕೆ ಒಂದರಂತೆ ಒಂಬತ್ತು ನೆಟ್‌ವರ್ಕ್. ಲೀಲಾ ಎಂಜಿನ್‌ಗೆ ಮಾಯಾದ ಕಡತವನ್ನು ಹಾಕಿ, ನೋಡ್ ಮಿತಿಯನ್ನು (ಎಷ್ಟು ಸ್ಥಿತಿ ನೋಡಬೇಕು ಅನ್ನುವುದನ್ನು) 1 ಅಂತ ಇಡಬೇಕು. ಇದನ್ನು ಮರೆತು ಸಮಯ ಕೊಟ್ಟು ಆಡಿಸಿದರೆ ಲೀಲಾ ಹುಡುಕಾಟ ಶುರು ಮಾಡಿ ಮನುಷ್ಯರ ತಪ್ಪುಗಳನ್ನೆಲ್ಲ ತಿದ್ದಿಬಿಡುತ್ತದೆ, ನಿಮ್ಮೆದುರು ಕೂತದ್ದು 1600 ಆಗಿರುವುದಿಲ್ಲ. ನಿಮಗೆ 1700ರ ಕಡತ ಸಾಕು. ಆಡಿದ ಮೇಲೆ ಅದೇ ಆಟವನ್ನು ಸ್ಟಾಕ್‌ಫಿಶ್‌ಗೆ ಕೊಡಿ. ಸ್ಟಾಕ್‌ಫಿಶ್ ತಪ್ಪು ಅಂದ ನಡೆಯನ್ನೇ ಮಾಯಾ 1700 ಕೂಡ ಮೊದಲ ಆಯ್ಕೆಯಾಗಿ ತೋರಿಸಿದರೆ, ಅದು ನಿಮ್ಮ ಮಟ್ಟದಲ್ಲಿ ಎಲ್ಲರೂ ಬೀಳುವ ಹಳ್ಳ. 1100 ಮಾತ್ರ ತೋರಿಸಿದರೆ ಮೊದಲು ತಿದ್ದಿಕೊಳ್ಳಬೇಕಾದದ್ದು ಅದನ್ನೇ.